ಹಂಚಿನಿಂದ ಏರ್ ಫ್ರೈಯರ್‌ವರೆಗೆ: ರೊಟ್ಟಿ ಸೀಮೆಯ ಅಡುಗೆಮನೆಗೆ ಯಾವುದು ಬೇಕು, ಯಾವುದು ಬೇಡ

ತಂಗಿಯ ಮಗನಿಗೆ ತೋರಣಗಲ್ಲಿನಲ್ಲಿ ಕೆಲಸ ಸಿಕ್ಕಿತು. ಬಳ್ಳಾರಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ಒಂದೇ ತಿಂಗಳಿಗೆ ಮೆಸ್ಸಿನ ಊಟ ಸಾಕಾಗಿ, ತಾನೇ ಅಡುಗೆ ಮಾಡಿಕೊಳ್ಳುತ್ತೇನೆಂದು ಒಂದು ಪಟ್ಟಿ ಬರೆದು ನನ್ನ ಮೊಬೈಲಿಗೆ ಕಳುಹಿಸಿದ. ಇಪ್ಪತ್ತೊಂದು ಸಾಮಾನು. ಅದರಲ್ಲಿ ತೆಂಗಿನಕಾಯಿ ತುರಿಯುವ ಮಣೆ ಇತ್ತು, ಬೆಳ್ಳುಳ್ಳಿ ಜಜ್ಜುವ ಇಕ್ಕಳ ಇತ್ತು, ಮೊಟ್ಟೆ ಬೇಯಿಸುವ ವಿದ್ಯುತ್ ಡಬ್ಬಿಯೂ ಇತ್ತು. ಹಂಚು ಇರಲಿಲ್ಲ.

"ನಾನ್‌ಸ್ಟಿಕ್ ತವಾ ಬರೆದಿದ್ದೇನಲ್ಲ, ದೊಡ್ಡವ್ವ" ಎಂದ.

ಪಟ್ಟಿ ತಿದ್ದಲು ಕೂತೆ. ತಿದ್ದುತ್ತ ತಿದ್ದುತ್ತ ರಾಯಚೂರಿನ ನನ್ನ ಅಡುಗೆಮನೆಗೆ ಮೂವತ್ತು ವರ್ಷಗಳಲ್ಲಿ ಬಂದ ಸಾಮಾನು, ಅಟ್ಟ ಸೇರಿದ ಸಾಮಾನು, ಹಳೆಯ ಪಾತ್ರೆಯವನ ತಕ್ಕಡಿಗೆ ಹೋದ ಸಾಮಾನು ಎಲ್ಲವೂ ನೆನಪಾದವು. ಅಡುಗೆ ಸಾಮಾನಿನ ಬಗ್ಗೆ ಸಲಹೆ ಕೊಡುವವರು ಈಗ ಬಹಳ. ಆದರೆ ಅವರಲ್ಲಿ ಹೆಚ್ಚಿನವರ ಮನೆಯಲ್ಲಿ ಅನ್ನ, ಸಾರು, ದೋಸೆ. ನಮ್ಮಲ್ಲಿ ದಿನಕ್ಕೆ ಎರಡು ಹೊತ್ತು ಜೋಳದ ರೊಟ್ಟಿ, ಕೊಳವೆಬಾವಿಯ ಗಡಸು ನೀರು, ಏಪ್ರಿಲ್‌-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು. ಈ ಮೂರನ್ನು ತಡೆದುಕೊಂಡದ್ದು ಉಳಿಯುತ್ತದೆ. ತುರಿಮಣೆಯನ್ನು ನಾನು ಹೊಡೆದುಹಾಕಿದ್ದೂ ಇದೇ ಲೆಕ್ಕದಿಂದ. ನಮ್ಮ ಪಲ್ಯ, ಎಣ್ಣೆಗಾಯಿಗೆ ಬೀಳುವುದು ಒಣಕೊಬ್ಬರಿ. ಅದಕ್ಕೆ ನಾಲ್ಕು ಮುಖದ ಸ್ಟೀಲ್ ತುರಿಯೊಂದು ಸಾಕು.

ಹಂಚು: ಕಬ್ಬಿಣವೋ, ಬೀಡೋ, ನಾನ್‌ಸ್ಟಿಕ್ಕೋ

ಜೋಳದ ರೊಟ್ಟಿಗೆ ಬೇಕಾದ ಕಾವು ಬೇರೆ, ದೋಸೆಗೆ ಬೇಕಾದ ಕಾವು ಬೇರೆ. ರೊಟ್ಟಿಯ ಹಂಚಿನ ಮೇಲೆ ನೀರು ಚಿಮುಕಿಸಿದರೆ ಅದು ಅಲ್ಲೇ ಚುಂಯ್ ಎಂದು ಆರಬಾರದು; ಮಣಿ ಮಣಿಯಾಗಿ ಉರುಳಿ ಓಡಬೇಕು. ಆಗ ರೊಟ್ಟಿ ಹಾಕಬೇಕು. ಮೇಲೆ ಹತ್ತಿದ ಒಣಹಿಟ್ಟು ಹೋಗುವಂತೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು, ಆ ನೀರು ಹಿಂಗುವ ಹೊತ್ತಿಗೆ ತಿರುವಬೇಕು. ಕಾವು ಕಡಿಮೆಯಾಯಿತೋ, ರೊಟ್ಟಿ ಉಬ್ಬದೆ ಒಣಗುತ್ತ ಹೋಗಿ ಚರ್ಮದ ತುಂಡಿನಂತಾಗುತ್ತದೆ.

ಈ ಕಾವಿಗೆ ನಾನ್‌ಸ್ಟಿಕ್ ಹೇಳಿಸಿದ್ದಲ್ಲ. ಅದರ ಮೇಲಿನ ಲೇಪ ಪಿಟಿಎಫ್‌ಇ ಎಂಬ ಒಂದು ಬಗೆಯ ಪ್ಲಾಸ್ಟಿಕ್; ಟೆಫ್ಲಾನ್ ಎಂಬ ಹೆಸರಿನಿಂದ ಹೆಚ್ಚು ಪರಿಚಿತ. 1938ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕ ವಸ್ತು ಅದು. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಅದಕ್ಕೆ ತೊಂದರೆಯಿಲ್ಲ, ಅದರಾಚೆ ಲೇಪ ಕೆಡಲು ತೊಡಗುತ್ತದೆ, ಇನ್ನೂ ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ದೊಡ್ಡ ಉರಿಯ ಮೇಲೆ ಬರಿ ತವಾ ಇಟ್ಟರೆ ಆ ಗಡಿ ಮುಟ್ಟಲು ಕೆಲವೇ ನಿಮಿಷ ಸಾಕು. ರೊಟ್ಟಿ ಮಾಡುವಾಗ ಎಣ್ಣೆ ಹಾಕುವುದಿಲ್ಲ, ಒಂದು ರೊಟ್ಟಿ ತೆಗೆದು ಇನ್ನೊಂದು ಬಡಿಯುವವರೆಗೂ ಹಂಚು ಬರಿದಾಗಿಯೇ ಉರಿಯುತ್ತಿರುತ್ತದೆ. ನಾನ್‌ಸ್ಟಿಕ್ ತವಾಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ನನ್ನ ಮೊದಲ ನಾನ್‌ಸ್ಟಿಕ್ ತವಾ ಯುಗಾದಿಗೆ ಬಂದು ನಾಗರಪಂಚಮಿಗೆ ಬೋಳಾಯಿತು. ಆಮ್ಲೆಟ್ಟಿಗೆ, ಒಬ್ಬನೇ ಇದ್ದಾಗಿನ ಎರಡು ದೋಸೆಗೆ ಚಿಕ್ಕದೊಂದು ಇಟ್ಟುಕೊಳ್ಳಲಿ, ಮರದ ಸಟ್ಟುಗದೊಂದಿಗೆ.

ಉಳಿದದ್ದು ತಗಡಿನ ಕಬ್ಬಿಣದ ಹಂಚು ಮತ್ತು ಬೀಡಿನ ಹಂಚು. ಸಂತೆಯಲ್ಲಿ ಕುಡುಗೋಲು, ಸಲಿಕೆಗಳ ಪಕ್ಕದಲ್ಲಿ ಬೋರಲು ಹಾಕಿ ಮಾರುವುದು ತಗಡಿನ ಹಂಚು. ನಡುವೆ ಸ್ವಲ್ಪ ತಗ್ಗು ಇರುತ್ತದೆ. ಹಗುರ, ಬೇಗ ಕಾಯುತ್ತದೆ, ಉರಿ ತಗ್ಗಿಸಿದರೆ ಬೇಗ ಮಾತು ಕೇಳುತ್ತದೆ. ಮೂರು ನಾಲ್ಕು ರೊಟ್ಟಿ ಮಾಡಿಕೊಳ್ಳುವವನಿಗೆ ಇದೇ ಸರಿ. ತೀರ ತೆಳುವಾದದ್ದು ಮಾತ್ರ ಬೇಡ. ನಾಲ್ಕು ದಿನಕ್ಕೆ ಡೊಂಕಾಗಿ ಒಲೆಯ ಮೇಲೆ ಕುಣಿಯುತ್ತದೆ.

ಬೀಡಿನದು ಎರಕದ ಕಬ್ಬಿಣ. ಕಾಯಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಕಾದ ಮೇಲೆ ಇಪ್ಪತ್ತು ರೊಟ್ಟಿಯಾದರೂ ಕಾವು ಇಳಿಯುವುದಿಲ್ಲ. ದೊಡ್ಡ ಕುಟುಂಬಕ್ಕೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಅದರ ದೋಷವೆಂದರೆ ನೋಡಲು ಗಟ್ಟಿ, ಸ್ವಭಾವದಲ್ಲಿ ಗಾಜು. ಕೈಜಾರಿ ಬಂಡೆಯ ಮೇಲೆ ಬಿದ್ದರೆ ಸೀಳುತ್ತದೆ. ಕಾದಿರುವಾಗ ತಣ್ಣೀರು ಸುರಿದರೂ ಸೀಳುತ್ತದೆ. ಹೀಗೆ ಎರಡು ಹೋಳಾದ ಹಂಚೊಂದು ನಮ್ಮ ಹಿತ್ತಲಿನಲ್ಲಿ ತುಳಸಿಕಟ್ಟೆಗೆ ಒರಗಿ ಈಗಲೂ ಇದೆ. ಮಣ್ಣಿನ ಹಂಚಿನ ರೊಟ್ಟಿಯ ರುಚಿ ಬೇರೆಯೇ, ಒಪ್ಪುತ್ತೇನೆ. ಅದು ಕಟ್ಟಿಗೆ ಒಲೆಯ ಸಾಮಾನು. ಬಾಡಿಗೆ ಮನೆಯ ಗ್ಯಾಸಿನ ಮೇಲೆ ಅದನ್ನು ಬಿರಿಸಿಕೊಳ್ಳುವ ಆಸೆ ಬೇಡ.

ಹೊಸ ಹಂಚು ತಂದ ಕೂಡಲೇ ಅದರ ಮೇಲೆ ರೊಟ್ಟಿ ಹಾಕಬಾರದು. ಸೋಪಿನಿಂದ ಚೆನ್ನಾಗಿ ತಿಕ್ಕಿ, ಒರೆಸಿ, ಸಣ್ಣ ಉರಿಯಲ್ಲಿ ತೇವ ಆರಿಸಿ, ಶೇಂಗಾ ಎಣ್ಣೆಯನ್ನು ಬಟ್ಟೆಯಲ್ಲಿ ತೀರ ತೆಳ್ಳಗೆ ಸವರಿ, ಹೊಗೆ ಏಳುವವರೆಗೆ ಕಾಯಿಸಬೇಕು. ಆರಿದ ಮೇಲೆ ಮತ್ತೆ ಇದೇ ಕೆಲಸ, ಮೂರು ನಾಲ್ಕು ಸಲ. ಎಣ್ಣೆ ಸುಟ್ಟು ಕಬ್ಬಿಣಕ್ಕೆ ಕಪ್ಪು ಪೊರೆಯಾಗಿ ಅಂಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದೂ ದೋಸೆಯನ್ನು ಎಬ್ಬಿಸುವುದೂ ಅದೇ. ಹುಣಸೆ, ಟೊಮೆಟೊ ತಾಗಿದರೆ ಆ ಪೊರೆ ಕಿತ್ತುಬರುತ್ತದೆ.

"ರೊಟ್ಟಿ ಹಂಚಿನ ಮೇಲೆ ದೋಸೆ ಹಾಕಬೇಡ" ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಮಡಿಯ ಮಾತೋ ಏನೋ ಎಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಹಾಕಿಯೇ ಬಿಟ್ಟೆ. ಅತ್ತೆಯ ಎದುರು ಆರು ದೋಸೆ ಚೂರು ಚೂರಾಗಿ ಎದ್ದವು. ಎಣ್ಣೆಯಿಲ್ಲದ ದೊಡ್ಡ ಕಾವಿನಲ್ಲಿ ದಿನವೂ ಉರಿಯುವ ಹಂಚಿನ ಮೇಲೆ ಆ ಪೊರೆ ಸುಟ್ಟುಹೋಗಿರುತ್ತದೆ. ಬರಿ ಕಬ್ಬಿಣ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಎರಡೂ ತಿನ್ನುವ ಮನೆಗೆ ಎರಡು ಹಂಚು ಬೇಕೇ ಬೇಕು.

ರೊಟ್ಟಿ ಮೇಕರ್ ಎಂಬ ದೊಡ್ಡ ನಿರಾಸೆ

ನಾನು ದುಡ್ಡು ಕೊಟ್ಟು ಪಶ್ಚಾತ್ತಾಪ ಪಟ್ಟ ಸಾಮಾನುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ವಸ್ತುಪ್ರದರ್ಶನವೊಂದರಲ್ಲಿ ಹುಡುಗನೊಬ್ಬ ಹಿಟ್ಟಿನ ಉಂಡೆ ಇಟ್ಟು, ಮುಚ್ಚಳ ಒತ್ತಿ, ಕ್ಷಣದಲ್ಲಿ ದುಂಡನೆಯ ಚಪಾತಿ ತೆಗೆದು ತೋರಿಸುತ್ತಿದ್ದ. ಚಪಾತಿ ಉಬ್ಬುತ್ತಿತ್ತು, ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಅದು ಗೋಧಿ ಹಿಟ್ಟು ಎಂಬುದು ಮನೆಗೆ ಬರುವವರೆಗೆ ನನಗೆ ಹೊಳೆಯಲಿಲ್ಲ.

ಅಂದು ಸಂಜೆ ಎಸರು ಹೊಯ್ದು ನಾದಿದ ಜೋಳದ ಹಿಟ್ಟಿನ ಉಂಡೆಯನ್ನು ನಡುವೆ ಇಟ್ಟು ಒತ್ತಿದೆ. ಉಸ್ಸೆಂದು ಆವಿ ಬಂತು. ಮುಚ್ಚಳ ತೆಗೆದರೆ ಬಿಸಿಲಿಗೆ ಬಿರಿದ ಎರೆಹೊಲ. ಅಂಚೆಲ್ಲ ಸೀಳು, ನಡುಭಾಗ ಮೇಲಿನ ತಟ್ಟೆಗೆ ಅಂಟಿದೆ. ನೀರು ಹೆಚ್ಚು ಹಾಕಿ ನೋಡಿದೆ; ಹಪ್ಪಳದಂತೆ ಅಂಟಿತು. ಗೋಧಿ ಬೆರೆಸಿದೆ, ರೊಟ್ಟಿ ಬಂತು, ಜೋಳದ ರುಚಿ ಹೋಯಿತು.

ಕಾರಣ ಯಂತ್ರದಲ್ಲಿಲ್ಲ, ಕಾಳಿನಲ್ಲಿದೆ. ಗೋಧಿಯಲ್ಲಿ ಗ್ಲುಟೆನ್ ಇದೆ, ಹಿಟ್ಟು ರಬ್ಬರಿನಂತೆ ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಬೆಂದು ಬರುವ ಜಿಗಿಯೊಂದೇ ಅದರ ಆಧಾರ. ಅಷ್ಟು ಜಿಗಿಯ ಹಿಟ್ಟನ್ನು ಒಂದೇ ಏಟಿಗೆ ಅಮುಕಿದರೆ ಅದು ಬಿರಿಯದೆ ಇನ್ನೇನು ಮಾಡೀತು? ಬಡಿಯುವ ಕೈ ಒಂದೊಂದು ಏಟಿಗೂ ರೊಟ್ಟಿಯನ್ನು ತುಸು ತಿರುಗಿಸುತ್ತದೆ. ಬಲಗೈ ಬಡಿಯುತ್ತಿದ್ದರೆ ಎಡಗೈ ಅಂಚಿನ ಬಿರುಕನ್ನು ಮುಚ್ಚುತ್ತ ಬರುತ್ತದೆ. ಆ ಎಡಗೈಯ ಕೆಲಸ ಯಂತ್ರಕ್ಕೆ ಗೊತ್ತಿಲ್ಲ.

ಕೈಯಿಂದ ಒತ್ತುವ ಪ್ರೆಸ್ ಇದಕ್ಕಿಂತ ಎಷ್ಟೋ ಮೇಲು, ಬೆಲೆಯೂ ಕಡಿಮೆ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು ಮೆಲ್ಲಗೆ ಒತ್ತಿ, ಹಾಳೆ ಬಿಡಿಸಿ, ಹಂಚಿಗೆ ಹಾಕಬೇಕು. ರೊಟ್ಟಿ ಕೊಂಚ ದಪ್ಪವೇ ಆಗುತ್ತದೆ. ಕಲಿಯುವವರಿಗೆ, ಕೈನೋವಿನವರಿಗೆ ಅಡ್ಡಿಯಿಲ್ಲ. ಹಿಟ್ಟು ಮಾತ್ರ ಹೊಸದಾಗಿ ಬೀಸಿಸಿದ್ದಿರಬೇಕು. ಹಳೆಯ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಅದನ್ನು ಯಾವ ಉಪಕರಣವೂ ತಂದುಕೊಡುವುದಿಲ್ಲ. ಒಂಟಿ ಮನುಷ್ಯ ವಾರಕ್ಕೆ ಒಂದೋ ಎರಡೋ ಕಿಲೋ ಬೀಸಿಸಿಕೊಂಡರೆ ಸಾಕು.

ಇನ್ನೊಂದು ದಾರಿಯನ್ನೂ ಹೇಳಬೇಕು, ಕೇಳುವವರಿಗೆ ಸೋಮಾರಿತನ ಎನ್ನಿಸಿದರೂ ಸರಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರುಗಳಲ್ಲಿ ಹೆಂಗಸರು ಮನೆಯಲ್ಲೇ ಮಾಡಿ ಮಾರುವ ಖಡಕ್ ರೊಟ್ಟಿ ಸಿಗುತ್ತದೆ, ಬಹಳ ದಿನ ಇಟ್ಟರೂ ಕೆಡುವುದಿಲ್ಲ. ಜನವರಿಯ ಹೊತ್ತಿಗೆ ನಡೆಯುವ ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತದೆ. ಬಂಡಿ, ಟ್ರ್ಯಾಕ್ಟರುಗಳಲ್ಲಿ ಅದು ಪೇರಿಸಿಕೊಂಡು ಬರುವುದನ್ನು ನೋಡಿದವರು ರೊಟ್ಟಿ ಮೇಕರ್ ಕೊಳ್ಳಲು ಹೋಗುವುದಿಲ್ಲ. ನಾನು ಹೋದೆ, ಅದು ಬೇರೆ ಮಾತು.

ಒಲೆ: ಗ್ಯಾಸ್ ಮತ್ತು ಇಂಡಕ್ಷನ್

ಎರಡೂ ಇರಲಿ ಎಂದರೆ ದುಡ್ಡಿನ ಲೆಕ್ಕ ಬರುತ್ತದೆ. ಒಂದೇ ಎಂದರೆ ಗ್ಯಾಸ್. ಕಾರಣ ಮತ್ತೆ ರೊಟ್ಟಿಯೇ. ಇಂಡಕ್ಷನ್ ಒಲೆ ಪಾತ್ರೆಯ ತಳವನ್ನು ಮಾತ್ರ ಕಾಯಿಸುತ್ತದೆ, ಅದೂ ಒಳಗಿನ ಸುರುಳಿ ಎಷ್ಟು ಅಗಲವಿದೆಯೋ ಅಷ್ಟನ್ನು. ತಗ್ಗಿರುವ ಹಂಚು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಚಪ್ಪಟೆ ಹಂಚು ಇಟ್ಟರೆ ನಡುವೆ ಕಪ್ಪು, ಅಂಚಿನಲ್ಲಿ ಹಸಿ. ರೊಟ್ಟಿಯನ್ನು ಕೊನೆಗೆ ಉರಿಗೆ ಹಿಡಿದು ಉಬ್ಬಿಸುವ ಸುಖವೂ ಇಲ್ಲ, ಬದನೆಕಾಯಿ ಸುಡುವಂತೆಯೂ ಇಲ್ಲ.

ಆದರೆ ಮೇ ತಿಂಗಳಲ್ಲಿ ಇಂಡಕ್ಷನ್ ನನ್ನ ಪಾಲಿನ ದೇವರು. ಗ್ಯಾಸ್ ಉರಿಯುವಾಗ ಫ್ಯಾನ್ ಹಾಕಿದರೆ ಜ್ವಾಲೆ ಓಲಾಡಿ ಆರುತ್ತದೆ ಎಂದು ನಾವು ಬೆವರುತ್ತ ನಿಲ್ಲುತ್ತೇವೆ. ಇಂಡಕ್ಷನ್ ಮೇಲೆ ಹಾಲು, ಚಹಾ, ಅನ್ನ, ಬೇಳೆ ಇಟ್ಟು ಫ್ಯಾನ್ ಜೋರಾಗಿ ಬಿಟ್ಟುಕೊಳ್ಳಬಹುದು. ಸುತ್ತಲಿನ ಗಾಳಿ ಕಾಯುವುದೂ ಕಡಿಮೆ. 2,000 ವ್ಯಾಟ್‌ನ ಒಲೆ ಪೂರ್ಣ ಶಕ್ತಿಯಲ್ಲಿ ಒಂದು ಗಂಟೆ ಉರಿದರೆ ಎರಡು ಯೂನಿಟ್. ಹಾಲು ಕಾಯಿಸುವ ಹತ್ತು ನಿಮಿಷಕ್ಕೆ ಬಿಲ್ಲಿನ ಭಯ ಬೇಡ. ಪಾತ್ರೆ ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ತಳಕ್ಕೆ ಅಂಟಿದರೆ ಇಂಡಕ್ಷನ್‌ಗೆ ಆಗುತ್ತದೆ, ಅಂಟದಿದ್ದರೆ ಅಂಗಡಿಯವ ಏನು ಹೇಳಿದರೂ ಆಗುವುದಿಲ್ಲ.

ಕುಕ್ಕರ್ ಮತ್ತು ನಮ್ಮ ನೀರು

ತೊಗರಿ ಬೆಳೆಯುವ ನಾಡಿನಲ್ಲಿದ್ದೂ ಬೇಳೆ ಬೇಯುವುದಿಲ್ಲ ಎಂಬ ಗೋಳು ನಮ್ಮದು. ಬೇಳೆಯನ್ನು ಬೈಯುತ್ತೇವೆ, ತಪ್ಪು ನೀರಿನದು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ, ಬೇಳೆ ಕರಗದೆ ಹಲ್ಲಿಗೆ ಸಿಗುತ್ತದೆ. ಬಟ್ಟೆ, ಪಾತ್ರೆಗೆ ಕೊಳವೆಬಾವಿ ನೀರು ಬಳಸಿದರೂ ಬೇಳೆಗೆ ನದಿ ನೀರನ್ನೋ ಶುದ್ಧೀಕರಿಸಿದ ನೀರನ್ನೋ ಹಾಕುವ ಮನೆಗಳು ರಾಯಚೂರಿನಲ್ಲಿ ಎಷ್ಟೋ ಇವೆ. ಅದಿಲ್ಲದವರಿಗೆ ಕುಕ್ಕರೇ ಗತಿ. ಸೀಟಿ ಹೊಡೆಯುವ ಒತ್ತಡದಲ್ಲಿ ಒಳಗಿನ ನೀರು ನೂರರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಎಂಥ ಹಟಮಾರಿ ಬೇಳೆಯೂ ಸೋಲುತ್ತದೆ.

ಅಲ್ಯೂಮಿನಿಯಂ ಕುಕ್ಕರ್ ಅಗ್ಗ ಮತ್ತು ಹಗುರ. ನಮ್ಮ ನೀರಿಗೆ ಒಳಗೆಲ್ಲ ಕಪ್ಪಾಗುತ್ತದೆ. ಬೇಯಿಸುವಾಗ ತಳದ ನೀರಿಗೆ ಒಂದು ಹಿಂಡಿದ ನಿಂಬೆಹೋಳು ಹಾಕಿದರೆ ಕಪ್ಪು ಹಿಡಿಯುವುದಿಲ್ಲ. ಹುಣಸೆಹುಳಿಯ ಸಾರನ್ನು ಮಾತ್ರ ಅದರಲ್ಲಿ ಇಟ್ಟುಬಿಡಬಾರದು. ಹುಳಿ ಆ ಲೋಹವನ್ನು ತಿನ್ನುತ್ತದೆ. ಸ್ಟೀಲ್ ಕುಕ್ಕರ್‌ಗೆ ಈ ಎರಡೂ ಕಾಟವಿಲ್ಲ, ಇಂಡಕ್ಷನ್ ಮೇಲೂ ನಡೆಯುತ್ತದೆ. ತಳ ಮೂರು ಪದರದ್ದಿರಬೇಕು, ಇಲ್ಲದಿದ್ದರೆ ಅನ್ನ ಹತ್ತುತ್ತದೆ. ಎರಡು ಪಟ್ಟು ಬೆಲೆ ಎಂದು ಹಿಂಜರಿಯುವವರಿಗೆ ನನ್ನ ಉತ್ತರ: ಕಪ್ಪು ತಿಕ್ಕಿದ ಬೆರಳುಗಳನ್ನು ಕೇಳಿ.

ಮುಚ್ಚಳದ ವಿಚಾರದಲ್ಲಿ ಮನೆಮನೆಗೆ ಪಕ್ಷಗಳಿವೆ. ಒಳಮುಚ್ಚಳದ ಕುಕ್ಕರಿನಲ್ಲಿ ಒಳಗಿನ ಆವಿಯೇ ಮುಚ್ಚಳವನ್ನು ಕೆಳಗಿನಿಂದ ಒತ್ತಿ ಹಿಡಿದಿರುತ್ತದೆ. ಒತ್ತಡ ಇಳಿಯದೆ ಅದನ್ನು ತೆಗೆಯಲು ಬರುವುದೇ ಇಲ್ಲ. ಹೊರಮುಚ್ಚಳದ್ದರಲ್ಲಿ ಬಾಯಿ ಅಗಲ, ಡಬ್ಬಿಗಳನ್ನು ಒಂದರ ಮೇಲೊಂದು ಇಡುವುದು ಸಲೀಸು, ತೊಳೆಯುವುದೂ ಸಲೀಸು. ಅವಸರದ ಹುಡುಗರಿಗೆ ನಾನು ಒಳಮುಚ್ಚಳವನ್ನೇ ಹೇಳುವುದು. ಇಬ್ಬರಿಗೆ ಮೂರು ಲೀಟರ್, ನಾಲ್ಕೈದು ಜನಕ್ಕೆ ಐದು ಲೀಟರ್. ಬೇಳೆ ನೊರೆ ಬರುವ ಪದಾರ್ಥ, ಅರ್ಧಕ್ಕಿಂತ ಮೇಲೆ ತುಂಬಬಾರದು. ಗೃಹಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶ 2020ರಲ್ಲೇ ಬಂದಿದೆ. ಆ ಗುರುತಿಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಮಿಕ್ಸಿ, ಗ್ರೈಂಡರ್, ಕಲಬತ್ತು

ಮಿಕ್ಸಿ ಬೇಕು, ಅದರಲ್ಲಿ ವಾದವಿಲ್ಲ. 500 ವ್ಯಾಟ್‌ನದು ಹಸಿ ಚಟ್ನಿ, ಮಸಾಲೆಗೆ ಸಾಕು. ಒಣಮೆಣಸಿನಕಾಯಿ ಪುಡಿ, ಗುರೆಳ್ಳು ಪುಡಿ ಮನೆಯಲ್ಲೇ ಮಾಡುವವರಿಗೆ 750 ವ್ಯಾಟ್ ಬೇಕು. ಅದಕ್ಕೂ ಮೇಲಿನದ್ದು ಸದ್ದು ಮಾಡಲಿಕ್ಕಷ್ಟೇ ಎಂಬುದು ನನ್ನ ಅಭಿಪ್ರಾಯ. ಜಾರಿನ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ, ಬ್ಲೇಡಿನ ಕೆಳಗೆ ಬೆರಳು ಹೋಗುತ್ತದೆಯೇ ನೋಡಿಕೊಳ್ಳಿ. ಬೆರಳು ಹೋಗದ ಕಡೆ ನಿನ್ನೆಯ ಚಟ್ನಿ ಉಳಿಯುತ್ತದೆ.

ಒಮ್ಮೆ ನನ್ನ ಮಿಕ್ಸಿ ನಡುವೆಯೇ ನಿಂತಿತು. ಸುಟ್ಟುಹೋಯಿತೆಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಆತ ಅದನ್ನು ಬೋರಲು ಮಾಡಿ ತಳದಲ್ಲಿದ್ದ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಕೊಟ್ಟ. ಹೊರೆ ಹೆಚ್ಚಾದಾಗ ಮೋಟಾರು ಸುಡದಂತೆ ತಾನೇ ಆರುವ ಸ್ವಿಚ್ ಅದು. ಐದು ನಿಮಿಷ ಆರಲು ಬಿಟ್ಟು ಒತ್ತಿದರೆ ಮತ್ತೆ ಓಡುತ್ತದೆ. ನೂರು ರೂಪಾಯಿ ಕೊಟ್ಟು ಕಲಿತ ವಿದ್ಯೆಯನ್ನು ಇಲ್ಲಿ ಪುಕ್ಕಟೆ ಹೇಳಿದ್ದೇನೆ. ಹಾಗೆಯೇ ಜಾರಿನ ಕೆಳಗಿನ ಹಲ್ಲುಹಲ್ಲಿನ ಕಪ್ಲರ್ ಸವೆದರೆ ಮಿಕ್ಸಿ ಮುದಿಯಾಯಿತೆಂದಲ್ಲ. ಮೋಟಾರು ಉಳಿಯಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ, ಬದಲಿಸಿದರಾಯಿತು.

ಮಿಕ್ಸಿ ಸೋಲುವುದು ಶೇಂಗಾ ಚಟ್ನಿಪುಡಿಯಲ್ಲಿ. ಅದರ ಬ್ಲೇಡು ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿನಲ್ಲಿ ತಿರುಗಿ ಕಾಳನ್ನು ಕತ್ತರಿಸುತ್ತದೆ. ಮೊದಲ ಕ್ಷಣ ರವೆ, ಮರುಕ್ಷಣ ಬಿಸಿಯಾಗಿ ಎಣ್ಣೆ ಬಿಟ್ಟ ಮುದ್ದೆ. ನಡುವಿನ ಹದ ಸಿಗುವುದೇ ಇಲ್ಲ. ಕಲಬತ್ತಿನಲ್ಲಿ ಕುಟ್ಟಿದರೆ ಕಾಳು ಜಜ್ಜಿ ಸ್ವಲ್ಪ ಸ್ವಲ್ಪವೇ ಎಣ್ಣೆ ಬಿಡುತ್ತದೆ. ಬೆಳ್ಳುಳ್ಳಿಯ ರಸ, ಕೆಂಪು ಖಾರ, ಉಪ್ಪು ಆ ಎಣ್ಣೆಯೊಳಗೆ ಇಳಿಯುತ್ತವೆ. ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ಒಳಕಲ್ಲು ಬಾಡಿಗೆ ಮನೆಗೆ ಬರುವುದಿಲ್ಲ, ಕಲಬತ್ತು ಬರುತ್ತದೆ. ಕಲ್ಲಿನದ್ದನ್ನೇ ತೆಗೆದುಕೊಳ್ಳಿ, ಅಂಗೈಗಿಂತ ಅಗಲವಾದದ್ದು. ಚಿಕ್ಕ ಹಿತ್ತಾಳೆಯದು ಏಲಕ್ಕಿ ಕುಟ್ಟಲಷ್ಟೇ. ಕಲಬತ್ತು ಇದ್ದರೆ ಬೆಳ್ಳುಳ್ಳಿ ಜಜ್ಜುವ ಇಕ್ಕಳವೂ ಬೇಡ. ನಾಲ್ಕು ಎಸಳು ಒತ್ತಿ, ಹತ್ತು ತೂತುಗಳನ್ನು ಕಡ್ಡಿಯಿಂದ ಚುಚ್ಚಿ ತೊಳೆಯುವ ವ್ಯವಹಾರ ಅದು. ಮಿಕ್ಸಿಯೇ ಗತಿ ಎಂದರೆ ಶೇಂಗಾ ಪೂರ್ತಿ ಆರಿದ ಮೇಲೆ, ಗುಂಡಿಯನ್ನು ಬಿಟ್ಟು ಬಿಟ್ಟು ಒಂದೊಂದು ಸೆಕೆಂಡು ತಿರುಗಿಸಿ.

ಗ್ರೈಂಡರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ವಾರಕ್ಕೆ ಎರಡು ಸಲ ಇಡ್ಲಿ-ದೋಸೆ ಮಾಡುವ ನಾಲ್ಕು ಜನರ ಮನೆಗೆ ಚಿನ್ನ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೊಯಮತ್ತೂರಿನ ಗ್ರೈಂಡರುಗಳೇ ನಮ್ಮ ಅಂಗಡಿಗಳಿಗೂ ಬರುತ್ತವೆ. ಕಲ್ಲು ನಿಧಾನ ತಿರುಗುವುದರಿಂದ ಉದ್ದಿನ ಹಿಟ್ಟು ಬಿಸಿಯಾಗದೆ ಹೂವಿನಂತೆ ಅರಳುತ್ತದೆ. ಒಬ್ಬನಿಗೆ ಬೇಡವೇ ಬೇಡ. ಇಡ್ಲಿ ತಿನ್ನಬೇಕೆನಿಸಿದರೆ ಹೊರಗೆ ಹೋಗಿ ತಿಂದು ಬರಲಿ.

ಹೆಚ್ಚುವುದಕ್ಕೆ

ಈಳಿಗೆ ನೆಲದ ಮೇಲೆ ಕೂತು, ಕಾಲಿನಲ್ಲಿ ಒತ್ತಿ ಹಿಡಿಯುವ ಸಾಮಾನು. ಎರಡೂ ಕೈ ತರಕಾರಿಗೆ ಸಿಗುತ್ತವೆ, ಕುಂಬಳಕಾಯಿಯಂಥದ್ದನ್ನೂ ಸೀಳಬಹುದು, ಮದುವೆ ಮನೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಮೊಣಕಾಲು ಹೇಳಿದ ಮಾತು ಕೇಳುವವರೆಗೆ ಮಾತ್ರ. ನನ್ನದು ಈಗ ಕೇಳುವುದಿಲ್ಲ, ಹಾಗಾಗಿ ಚಾಕು ಮತ್ತು ಮರದ ಹಲಗೆ. ಒಂದೇ ಚಾಕು, ಅಂಗೈಯಗಲ ಉದ್ದದ್ದು, ಮತ್ತು ಅದನ್ನು ಮಸೆಯಲು ಒಂದು ಸಾಣೆಕಲ್ಲು. ಆರು ಚಾಕುಗಳ ಬಣ್ಣದ ಸೆಟ್ಟು ತಂದವರ ಮನೆಯಲ್ಲಿ ಆರೂ ಮೊಂಡಾಗಿರುವುದನ್ನೇ ನೋಡಿದ್ದೇನೆ.

ದಾರ ಎಳೆದು ತಿರುಗಿಸುವ ಚಾಪರ್ ಬಗ್ಗೆ ನನ್ನ ಅಭಿಪ್ರಾಯ ಎರಡು ಸಲ ಬದಲಾಗಿದೆ. ಮೊದಲು ಹಿಗ್ಗಿದೆ. ಆಮೇಲೆ ಮಂಡಕ್ಕಿ ಒಗ್ಗರಣೆಗೆ ಅದರಲ್ಲಿ ಈರುಳ್ಳಿ ಹೆಚ್ಚಿದಾಗ ಎಣಿಸಿದ್ದಕ್ಕಿಂತ ನಾಲ್ಕು ಸಲ ಹೆಚ್ಚು ಎಳೆದು, ಈರುಳ್ಳಿ ನೀರು ಬಿಟ್ಟು, ಮಂಡಕ್ಕಿಯೆಲ್ಲ ಒದ್ದೆಯಾಗಿ ಬಂದವರ ಮುಂದೆ ಮಾನ ಹೋಯಿತು. ಈಗ ಅದನ್ನು ಹಸಿಮೆಣಸಿನಕಾಯಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಕೈ ಉರಿಯುವುದು ತಪ್ಪಿದೆ. ದಾರ ಒಂದು ದಿನ ಕಡಿಯುತ್ತದೆ, ಬಿಡಿಭಾಗ ಸಿಗುವುದಿಲ್ಲ, ಅದು ಗೊತ್ತಿರಲಿ. ಸಿಪ್ಪೆ ತೆಗೆಯುವ ಪೀಲರ್ ಮಾತ್ರ, ಆ ಮೂವತ್ತು ರೂಪಾಯಿಯ ಬಡಪಾಯಿ, ಇಷ್ಟು ವರ್ಷಗಳಲ್ಲಿ ನನ್ನನ್ನು ಒಮ್ಮೆಯೂ ನಿರಾಸೆಗೊಳಿಸಿಲ್ಲ.

ನೀರಿನ ಸಾಮಾನು

ವಿದ್ಯುತ್ ಕೆಟಲ್ ಕೊಳ್ಳುವವರು ಜೊತೆಗೇ ಕಿರಾಣಿ ಅಂಗಡಿಯಿಂದ ನಿಂಬೆಉಪ್ಪು ತಂದಿಟ್ಟುಕೊಳ್ಳಬೇಕು. ನಮ್ಮ ನೀರಿಗೆ ತಿಂಗಳೊಳಗೆ ತಳದಲ್ಲಿ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟುತ್ತದೆ, ಆಮೇಲೆ ಚಹಾದ ನೀರು ಕಾಯಲು ತಡವಾಗುತ್ತದೆ. ಒಂದು ಚಮಚ ನಿಂಬೆಉಪ್ಪು ಹಾಕಿ ನೀರು ಕುದಿಸಿ ಅರ್ಧ ಗಂಟೆ ಬಿಟ್ಟರೆ ಪದರ ಕರಗುತ್ತದೆ. ಚಾಕುವಿನಿಂದ ಕೆರೆಯಬೇಡಿ.

ತಾಮ್ರದ ಬಾಟಲಿ ಉಡುಗೊರೆಯಾಗಿ ಬಂದರೆ ನೀರಿಗೆ ಬಳಸಿ; ಮಜ್ಜಿಗೆ, ನಿಂಬೆಹಣ್ಣಿನ ಶರಬತ್ತು ಅದರಲ್ಲಿ ಹಾಕುವಂತಿಲ್ಲ. ಅಜ್ಜಿಯ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಅಡುಗೆ ಬೇಡ, ಹಾಕಿಸಿದ ಮೇಲೆ ಬರಿದಾಗಿ ಒಲೆಗೆ ಇಡುವುದೂ ಬೇಡ. ಕಲಾಯಿ ಎಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ. ಮಣ್ಣಿನ ಕೊಡವನ್ನು ನಾನು ಫ್ರಿಜ್ಜಿಗಿಂತ ಮೇಲೆ ಇಡುತ್ತೇನೆ. ಬಿಸಿಲು ಒಣದಾದಷ್ಟೂ ಹೊರಮೈಯ ತೇವ ಬೇಗ ಆರಿ ಒಳಗಿನ ನೀರು ತಣ್ಣಗಾಗುತ್ತದೆ. ಆ ವಿಚಾರದಲ್ಲಿ ರಾಯಚೂರಿನ ಬೇಸಿಗೆಯಂಥ ಅನುಕೂಲ ಬೇರೆಲ್ಲಿದೆ? ನಮ್ಮ ಸವಳು ನೀರಿಗೆ ಕೊಡದ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಅದಕ್ಕೇ ಪ್ರತಿ ವರ್ಷ ಹೊಸದು.

ಕೊನೆಗೆ ಏರ್ ಫ್ರೈಯರ್

ಪಟ್ಟಿಯ ತುದಿಯಲ್ಲಿ ಅದಕ್ಕೆ ಎರಡು ಗೆರೆ ಎಳೆದಿದ್ದ. ಎಣ್ಣೆಯಿಲ್ಲದ ಮಿರ್ಚಿ ಭಜಿ ಮಾಡಿ ತಿನ್ನುವ ಆಸೆ. ಆಗುವುದಿಲ್ಲ ಎಂದೆ. ಏರ್ ಫ್ರೈಯರ್ ಕರಿಯುವ ಯಂತ್ರವಲ್ಲ, ಫ್ಯಾನ್ ಇರುವ ಸಣ್ಣ ಒಲೆಗೂಡು. 200 ಡಿಗ್ರಿಯ ಬಿಸಿಗಾಳಿ ಬೀಸುತ್ತದೆ, ಅಷ್ಟೇ. ಕಾದ ಎಣ್ಣೆಗೆ ಬಿದ್ದ ಕ್ಷಣವೇ ಕಡಲೆಹಿಟ್ಟು ಗಟ್ಟಿಯಾಗಿ ಮೆಣಸಿನಕಾಯಿಯನ್ನು ಕವಚದಂತೆ ಹಿಡಿಯುತ್ತದೆ. ಗಾಳಿಯಲ್ಲಿ ಆ ಹಿಟ್ಟು ಜಾಲರಿಯ ಕೆಳಗೆ ಸೋರಿ, ಮೇಲೆ ಬೋಳು ಮೆಣಸಿನಕಾಯಿ ಉಳಿಯುತ್ತದೆ. ಭಜಿಗೆ ಬಾಣಲೆ ಮತ್ತು ತೂತಿನ ಸಟ್ಟುಗವೇ ಸರಿ, ತಿಂಗಳಿಗೊಮ್ಮೆ ತಿಂದರಾಯಿತು.

ಹುಡುಗ ಹೂಂ ಎಂದ. ಹದಿನೈದು ದಿನಕ್ಕೆ ಕೊಂಡೇ ಬಿಟ್ಟ. ಭಜಿಯಾಯಿತೇ ಎಂದು ಕೇಳಿದೆ. ಆಗಲಿಲ್ಲ, ಆದರೆ ಶೇಂಗಾ ಹುರಿದೆ ಎಂದ. 160 ಡಿಗ್ರಿಯಲ್ಲಿ ಹನ್ನೆರಡು ನಿಮಿಷ, ನಡುವೆ ಒಮ್ಮೆ ಬುಟ್ಟಿ ಅಲುಗಾಡಿಸಬೇಕಂತೆ. ನನಗೆ ನಂಬಿಕೆ ಬರಲಿಲ್ಲ. ಮುಂದಿನ ವಾರ ಒಂದು ಡಬ್ಬಿ ತಂದುಕೊಟ್ಟ. ಒಂದು ಕಾಳೂ ಕಪ್ಪಾಗಿರಲಿಲ್ಲ, ಒಳಗಿನ ಬೇಳೆಯವರೆಗೂ ಒಂದೇ ಹದದ ಕೆಂಪು. ಹಂಚಿನ ಮುಂದೆ ಇಪ್ಪತ್ತು ನಿಮಿಷ ಕೈಯಾಡಿಸುತ್ತ ನಿಂತರೂ ನನಗೆ ಯಾವಾಗಲೂ ಹಾಗೆ ಬರುವುದಿಲ್ಲ. ಒಂದು ಸಲಕ್ಕೆ ಅರ್ಧ ಕಿಲೋಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂಬ ಕೊರತೆ ಇದೆ, ಬೆಲೆಯೂ ಶೇಂಗಾ ಹುರಿಯಲೆಂದು ಕೊಡುವಂಥದ್ದಲ್ಲ. ಆದರೂ ಅದನ್ನು ಕೆಟ್ಟ ಸಾಮಾನು ಎಂದು ನಾನಿನ್ನು ಹೇಳಲಾರೆ.

ಹುರಿದದ್ದಾಯಿತು, ಸಿಪ್ಪೆ ಹೇಗೆ ತೆಗೆದೆ ಎಂದೆ. ಅಂಗೈಯಲ್ಲಿ ತಿಕ್ಕಿ, ತಟ್ಟೆಯಲ್ಲಿ ಹಾಕಿ ಬಾಯಿಂದ ಊದಿದನಂತೆ. ಅರ್ಧ ಸಿಪ್ಪೆ ಅಡುಗೆಮನೆಯ ತುಂಬ ಹಾರಿ, ಉಳಿದರ್ಧ ಡಬ್ಬಿಯೊಳಗೇ ಇತ್ತು. ಬಳ್ಳಾರಿಯಲ್ಲಿ ಬಿದಿರಿನ ಮೊರ ಎಲ್ಲಿ ಸಿಗುತ್ತದೆ ದೊಡ್ಡವ್ವ ಎಂದು ಈಗ ಕೇಳುತ್ತಿದ್ದಾನೆ.